ಬಾಯಿ ಬಿಟ್ಟ ಗೋಡೆ

ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ಕಿವಿಯಿಂದ ನನಗೇನೂ ಆಗಬೇಕಿಲ್ಲ.
ಹತ್ತೊಂಬತ್ತು ವರ್ಷದಿಂದ ನಾನು
ಬಿತೊಮ್ ಊರಿನ ಗೋಡೆಗಳ ಬಾಯಿ ನೋಡುವವಳು,
ಗಣಿ ಕಚೇರಿಯ ಸಂಬಳಕ್ಕೆ.

ಮೊದಲು ಹೇಳುವುದು ಬಾಗಿಲು.
ಒಣ ಚಳಿಯಲ್ಲೂ ಚೌಕಟ್ಟನ್ನು ಕಚ್ಚಿಕೊಂಡರೆ
ಅದು ಮರ ಉಬ್ಬಿದ್ದಲ್ಲ.
ಆಮೇಲೆ ಕಿಟಕಿಯ ಮೂಲೆ. ಅಲ್ಲಿಂದ
ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ
ಓರೆಗೆ ಇಳಿದ ಬಿರುಕು,
ಮೇಲೆ ಅಗಲ, ಕೆಳಗೆ ಕೂದಲೆಳೆ.
ಒಳಗೆ ಹಳೇ ಬಣ್ಣ, ಜೇಡನ ಸಂಸಾರ ಇದ್ದರೆ ಚಿಂತೆಯಿಲ್ಲ.
ಅಂಚು ಈಗಷ್ಟೇ ಮುರಿದ ಬ್ರೆಡ್ಡಿನಂತೆ ಶುಭ್ರವಾಗಿದ್ದರೆ
ಪೆನ್ನು ತೆಗೆಯುತ್ತೇನೆ.

ಇವತ್ತು ಎರ್ವಿನ್ ಮನೆ, ಮೂರನೇ ಮಹಡಿ.
ತೆಕ್ಲಾ ಬೇಡವೆಂದರೂ ಸೂಪು ಬಡಿಸಿದಳು.
ಬಟ್ಟಲಿನಲ್ಲಿ ಅದು ಕಿಟಕಿಯ ಕಡೆ ಅಂಚು ಮುಟ್ಟಿತ್ತು,
ಈಚೆಗೆ ಬೆರಳಗಲ ಖಾಲಿ.
"ಮಕ್ಕಳ ಗೋಲಿ ಎಲ್ಲಿ ಕಳೆದರೂ
ಒಲೆಯ ಅಡಿಯಲ್ಲೇ ಸಿಗುತ್ತವೆ" ಎಂದಳು,
ಅದು ಒಲೆಯ ಗುಣ ಎಂಬಂತೆ.

ಬಿರುಕಿಗೆ ಅಡ್ಡ ನಾನೇ ಮೆತ್ತಿದ್ದ ಜಿಪ್ಸಂ ಪಟ್ಟಿ,
ಮೇಲೆ ನನ್ನದೇ ಅಕ್ಷರದ ತಾರೀಖು:
ಹನ್ನೊಂದು ಇತ್ತ, ಮಾರ್ಚ್ ಅತ್ತ.
ನಡುವೆ ಇಪ್ಪತ್ತು ಗ್ರೋಶಿನ ನಾಣ್ಯ ತೂರಿಸಿ ನೋಡಿದೆ.
ಹೋಯಿತು.
ಹೋಗಿ ಒಳಗೇ ಬಿತ್ತು. ಸದ್ದು ಬರಲು
ಸ್ವಲ್ಪ ತಡವಾಯಿತು.

ಎರ್ವಿನ್ ಅಷ್ಟು ಹೊತ್ತೂ ಮಾತಾಡಿರಲಿಲ್ಲ.
ಗೋಡೆಯಾದರೆ ಬಾಯಿ ಬಿಡುತ್ತದೆ,
ಗಣಿಯವನು ಬಿಡಿಸಿದರೂ ಬಿಡುವುದಿಲ್ಲ.
ಚಮಚ ಕೆಳಗಿಟ್ಟು, ಹಿಮ್ಮಡಿಯಿಂದ ನೆಲ ತಟ್ಟಿ ಹೇಳಿದ:
"ಏಳುನೂರು ಮೀಟರು ಕೆಳಗೆ.
ಹೋದ ಚಳಿಗಾಲ ಪೂರ್ತಿ ನಮ್ಮ ಪಾಳಿಯೇ ತೆಗೆದದ್ದು.
ಮೇಲೆ ಯಾವ ಬೀದಿ ಅಂತ
ನಮಗೆ ಕೊಟ್ಟ ನಕ್ಷೆಯಲ್ಲಿರಲಿಲ್ಲ.
ನಾನು ಹೆಜ್ಜೆ ಎಣಿಸಿದ್ದೆ."
ಒಲೆಯಲ್ಲಿ ಕಲ್ಲಿದ್ದಲು ಚಟ್ ಎಂದಿತು.

ಕಾಲ ಕೆಳಗಿನ ನೆಲ ಕುಸಿಯಿತು ಅನ್ನುತ್ತೇವಲ್ಲ,
ಸಾವಿಗೆ, ಸಾಲಕ್ಕೆ, ಬಿಟ್ಟುಹೋದ ಗಂಡನಿಗೆ,
ನಾನೂ ಅಂದವಳೇ.
ನಿಜವಾಗಿ ಕುಸಿಯುವಾಗ ಅದು ತಿಂಗಳಿಗೆ ಮೂರು ಮಿಲಿಮೀಟರು.
ಯಾರೂ ಬೀಳುವುದಿಲ್ಲ.
ಓರೆಯಾದ ಪಟವನ್ನು ನೆಟ್ಟಗೆ ಮಾಡುತ್ತಾರೆ.
ಭಾನುವಾರ ಮತ್ತೆ ನೆಟ್ಟಗೆ ಮಾಡುತ್ತಾರೆ.

ನಮೂನೆಯಲ್ಲಿ ಕಾರಣ ಎಂದೊಂದು ಖಾನೆ.
ಕಟ್ಟಡದ ವಯಸ್ಸು ಎಂದು ತುಂಬುವುದು ನಮ್ಮ ರೂಢಿ.
"ನೀವು ಹೇಳಿದ್ದನ್ನೇ ಬರೆಯಲೇ?" ಎಂದೆ.
ತೆಕ್ಲಾ ಗಂಡನ ಮುಖ ನೋಡಿದಳು,
ಗಂಡ ಗೋಡೆ ನೋಡಿದ.
"ಆರುತ್ತಿದೆ, ಕುಡಿಯಿರಿ" ಎಂದಳು.

ಬಟ್ಟಲನ್ನು ಅರ್ಧ ಸುತ್ತು ತಿರುಗಿಸಿದೆ.
ಬಟ್ಟಲು ತಿರುಗಿತು.
ಸೂಪು ಕಿಟಕಿಯ ಕಡೆಗೇ ಇತ್ತು.