ಎಣ್ಣೆ ಬಂದಾಗ

ಕ್ಯಾಲುಮೆಟ್‌ನಲ್ಲಿ ಏಪ್ರಿಲ್ ಮುಗಿದರೂ
ಗರಾಜಿನ ಉತ್ತರದ ಗೋಡೆಗೆ ಒರಗಿದ ಹಿಮ ಕರಗುವುದಿಲ್ಲ.
ಒಳಗೆ ಐಲಿ ಕೊಸ್ಕೆಲಾ, ಎಪ್ಪತ್ತೊಂಬತ್ತು,
ತೋಳು ಮೊಣಕೈವರೆಗೆ ಮಡಚಿ, ಗಡಿಯಾರ ಕಳಚಿ,
ಕೂದಲಿಗೆ ಬಟ್ಟೆ ಬಿಗಿದು
ನನ್ನ ಬಳೆಗಳತ್ತ ಒಮ್ಮೆ ನೋಡುತ್ತಾಳೆ.
ಅಷ್ಟೇ. ತೆಗೆದಿಡುತ್ತೇನೆ.

ಇಕ್ಕಳದಲ್ಲಿ ಮುಷ್ಟಿಯಷ್ಟು ಕರಿಗಲ್ಲು,
ಗಣಿ ಬೇಡವೆಂದು ಬಿಸುಟ ರಾಶಿಯಿಂದ ಹೆಕ್ಕಿದ್ದು.
ಮೇಲೆ ಕಿಲುಬು. ಒಳಗೆ ತಾಮ್ರ ಎಲ್ಲಿದೆ,
ಬೇರಾಗಿದೆಯೋ, ಎಲೆಯಾಗಿದೆಯೋ,
ಕೊಯ್ಯುವವರೆಗೆ ಯಾರಿಗೂ ಗೊತ್ತಿಲ್ಲ.
ಅಲುಗಾಡಿಸು, ಎನ್ನುತ್ತಾಳೆ. ಅಲುಗಾಡಿಸುತ್ತೇನೆ.
ಇನ್ನೊಮ್ಮೆ.
ಕೊಯ್ಯುವಾಗ ಕಲ್ಲು ಕೂದಲೆಳೆ ಸರಿದರೂ ಸಾಕು,
ಗರಗಸ ಸೊಟ್ಟಗಾಗಿ ತಟ್ಟೆಯಾಗುತ್ತದೆ.

ನೀರು ಯಾಕಾಗದು? ಕೇಳಿದ್ದೆ ಮೊದಲ ದಿನ.
ಆಗುತ್ತದೆ, ತುಕ್ಕು ಸಾಕುವ ಆಸೆಯಿದ್ದರೆ.
ಅವಳಪ್ಪ ಸೀಮೆಎಣ್ಣೆ ಸುರಿಯುತ್ತಿದ್ದನಂತೆ, ಬಾಯಲ್ಲಿ ಸಿಗರೇಟು.
ಒಂದು ಸಲ ಹುಬ್ಬು ಹೋಯಿತು.
ಇನ್ನೊಂದು ಸಲ ಗರಾಜು.
ಈಗಿನದು ಬಣ್ಣವಿಲ್ಲ, ವಾಸನೆಯಿಲ್ಲ,
ಸುಲಭಕ್ಕೆ ಹೊತ್ತಿಕೊಳ್ಳದು; ಡಬ್ಬಿಗೆ ಮೂವತ್ತೆಂಟು ಡಾಲರು.
ಬಯ್ಯುತ್ತಲೇ ಸುರಿಯುತ್ತಾಳೆ, ಅಲಗಿನ ಅಂಚು ಮುಳುಗುವಷ್ಟು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಗಾದೆ
ನಮ್ಮಲ್ಲೊಂದಿದೆ ಐಲಿ.
ಅರ್ಥ ಹೇಳಿದೆ. ನಗಲಿಲ್ಲ ಅವಳು.
ಕಣ್ಣಿಗೆ ಕನ್ನಡಕ ಹಾಕು, ಅಂದಳು,
ಮುಚ್ಚಬೇಕಾದ್ದು ಮೂಗು.

ಹ್ಯಾನ್‌ಕಾಕ್ ಆಸ್ಪತ್ರೆಯಲ್ಲಿ ನನ್ನ ಕೆಲಸ ಉಸಿರು ಅಳೆಯುವುದು.
ಊದಿ, ಇನ್ನೂ ಊದಿ, ಇನ್ನೂ, ಇನ್ನೂ...
ಗಣಿ ಮುಚ್ಚಿ ಅರ್ಧ ಶತಮಾನ ಕಳೆದರೂ
ಕೆಲವರ ಎದೆಯಲ್ಲಿ ಪಾಳಿ ಮುಗಿದಿಲ್ಲ.
ಅಲ್ಲೇ ಸಿಕ್ಕವಳು ಈಕೆ. ಗಣಿಗೆ ಇಳಿದವಳಲ್ಲ.
ಇದೇ ಬೆಂಚಿನ ಮುಂದೆ ಇಪ್ಪತ್ತು ಚಳಿಗಾಲ
ಹಸಿರು ಕಲ್ಲನ್ನು ಒಣಗಿದ್ದಂತೆಯೇ ಉಜ್ಜಿದವಳು;
ಪುಡಿ ರಂಗೋಲಿಯಷ್ಟು ನುಣ್ಣಗೆ
ತೊಡೆಯ ಮೇಲೆ, ಕಾಫಿಯ ಮೇಲೆ.
ಅಂಕಿ ನೋಡಿ ನನ್ನನ್ನೇ ಸಮಾಧಾನಪಡಿಸಿದಳು.

ಮುಚ್ಚಳ ಹಾಕಿ ಗುಂಡಿ ಒತ್ತಿದೆ.
ಕಲ್ಲಿನ ದನಿ ಒಂದೇ ಸಮ, ಗಾಣದ ಹಾಗೆ,
ನಿದ್ದೆ ಬರಿಸುವ ಹಾಗೆ.
ಆಮೇಲೆ ಒಮ್ಮೆಲೇ ಕೀರಲು.
ತಾಮ್ರ! ಎಂದಳು, ನನಗಿಂತ ಮೊದಲು ಅವಳ ಕಿವಿ.
ತಳ್ಳಬೇಡ. ಅದು ಕೇಳಿದಷ್ಟೇ ಕೊಡು.
ಕಲ್ಲು ಒಡೆಯುತ್ತದೆ; ತಾಮ್ರ ಒಡೆಯುವುದಿಲ್ಲ,
ಮೆತ್ತಿಕೊಳ್ಳುತ್ತದೆ, ವಜ್ರದ ಹಲ್ಲುಗಳನ್ನೆಲ್ಲ
ಬೆಲ್ಲ ತಿಂದ ಮಗುವಿನದು ಮಾಡಿಬಿಡುತ್ತದೆ.
ನಿಲ್ಲಿಸಿ, ಅಲಗು ಪೂರ್ತಿ ನಿಂತ ಮೇಲೆ
ಕಲ್ಲು ಹಿಂದೆಳೆದು, ಹಳೆಯ ಶಾಲೆಯ ಇಟ್ಟಿಗೆಯೊಂದನ್ನು
ಎರಡು ಸಲ ಕೊಯ್ದೆವು. ಹರಿತ ಬಂತು.
ಮತ್ತೆ ಕಲ್ಲು. ಮತ್ತೆ ನಿಧಾನ.

ತುಂಡು ಬಿದ್ದ ಸದ್ದು.
ಕೈ ಮುಚ್ಚಳಕ್ಕೆ ಹೋಯಿತು, ಅವಳು ತಡೆದಳು.
ಒಳಗಿನ್ನೂ ಎಣ್ಣೆಯ ಮಂಜು. ಕೂರಲಿ. ನೂರು ಎಣಿಸು.
ಅವಳು ತನ್ನ ಅಜ್ಜಿಯ ಭಾಷೆಯಲ್ಲಿ, ಯುಕ್ಸಿ, ಕಾಕ್ಸಿ, ಕೊಲ್ಮೆ,
ನಾನು ನನ್ನದರಲ್ಲಿ.
ನಲವತ್ತೊಂದರಲ್ಲಿ ಅವಳ ದನಿ ನಿಂತಿತು.
ಬೆಂಚು ಹಿಡಿದುಕೊಂಡು, ಮುಖ ತಿರುಗಿಸಿ,
ಮುಖಗವಸಿನೊಳಗೆ ಬಟ್ಟೆ ಹರಿದಂಥ ಸದ್ದು.
ನನಗೆ ಅಂಕಿ ಗೊತ್ತು. ಹೇಳಲಿಲ್ಲ.
ನಲವತ್ತೆರಡು ಎಂದೆ, ಸ್ವಲ್ಪ ಗಟ್ಟಿಯಾಗಿ,
ನಲವತ್ತಮೂರು...
ಎಪ್ಪತ್ತರ ಹೊತ್ತಿಗೆ ಅವಳ ಬೆರಳು ಮೇಜಿನ ಮೇಲೆ
ತಾಳ ಹಾಕುತ್ತಿತ್ತು.

ಕಪ್ಪಿನೊಳಗೆ ಕೆಂಪು, ಒದ್ದೆ, ಆಗಷ್ಟೇ ಹುಟ್ಟಿದ್ದು.
ಎಣ್ಣೆಸ್ನಾನವಾಯಿತು, ಇನ್ನು ಸೀಗೆಕಾಯಿ ಎಂದುಕೊಂಡು
ಪಾತ್ರೆ ಸೋಪಿನ ಬಿಸಿನೀರಿಗೆ ಇಳಿಸಿದೆ.
ಹುಣಸೆಹಣ್ಣು ಹುಡುಕಿತು ಕೈ, ಅಭ್ಯಾಸ.

ತೊಟ್ಟಿಯ ಎಣ್ಣೆ ಹಸಿರಾಗಿತ್ತು.
ಚರಂಡಿಗಲ್ಲ, ಎಂದಳು, ಮೀನಿದೆ ಕೆರೆಯಲ್ಲಿ.
ಕಿರಾಣಿಯ ಕಂದು ಚೀಲವೊಂದನ್ನು ಬಕೆಟ್ಟಿನ ಮೇಲೆ ನೇತುಹಾಕಿ
ಕೆಸರೆಲ್ಲ ಸುರಿದೆವು.
ಕಾಗದ ಒದ್ದೆಯಾಯಿತು. ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಒಂದು ಹನಿ.