ಮೊದಲಿನ ಫೋಟೋ

ಸಾಹೇಬರು ಬರುತ್ತಾರೆಂದು
ಹಿಂದಿನ ರಾತ್ರಿಯೇ ಗಿರಣಿಯ ಗೋಡೆ ತಿಕ್ಕಿ ತೊಳೆದಿದ್ದೆ.
ವಾಸ್ಕೋದ ಗೋಡೆ, ಕೇಳಬೇಕೆ:
ಒಳಗಿನಿಂದ ಹಿಟ್ಟು, ಹೊರಗಿನಿಂದ ಬಂದರದ ಕಲ್ಲಿದ್ದಲು,
ನಡುವೆ ಇಪ್ಪತ್ತಾರು ವರ್ಷ
ಯಾವ ಬಣ್ಣಕ್ಕೂ ಒಗ್ಗದೆ ನಿಂತ ಗಾರೆ.
ನಾಲ್ಕು ಬಕೆಟ್ ನೀರು, ಅರ್ಧ ಪೊಟ್ಟಣ ಸೋಡಾ.
ನೆಂಟರು ಬಂದರೆ ಮನೆ ಸಾರಿಸುವುದಿಲ್ಲವೆ, ಹಾಗೆ.

ಗಾಂವಕರ್ ಸಾಹೇಬರು ಹೆಲ್ಮೆಟ್ ಕೂಡ ತೆಗೆಯಲಿಲ್ಲ.
ಎತ್ತಿದ ಮೊಬೈಲು ಇಳಿಸಿಬಿಟ್ಟರು.
"ಬಾಯಿ, ಇಷ್ಟು ಚೆನ್ನಾಗಿರುವ ಗೋಡೆಗೆ
ನಗರಸಭೆ ಯಾಕೆ ದುಡ್ಡು ಕೊಡಬೇಕು?
ನನಗೆ ಎರಡು ಫೋಟೋ ಬೇಕು. ಮೊದಲಿನದು, ಆಮೇಲಿನದು.
ಮೊದಲಿನದು ಮೊದಲಿನ ಹಾಗೇ ಇರಬೇಕು."

ನಾನೂ ಚಾಂದಿಬಾಯಿಯೂ ಮುಖ ಮುಖ ನೋಡಿಕೊಂಡೆವು.
ಮೂಲೆಯ ಹಿಟ್ಟು ಗುಡಿಸಿ ತಂದು
ಮುಷ್ಟಿ ಮುಷ್ಟಿ ಎರಚಿದೆವು, ಓಕುಳಿಯವರ ಹಾಗೆ.
ಬಡತನವನ್ನು ನೆಟ್ಟಗೆ ನಿಲ್ಲಿಸಿ
ಸಿಂಗಾರ ಮಾಡಿದ್ದು
ಈ ಜನ್ಮದಲ್ಲಿ ಅದೇ ಮೊದಲು.
ಪಕ್ಕದ ಸೈಕಲ್ ಅಂಗಡಿಯ ಮಾರ್ಸೆಲಿನ್
ಪಂಪು ಹಿಡಿದು ನಗುತ್ತ ನಿಂತಿದ್ದ.
ಹೆಲ್ಮೆಟ್ಟಿನ ಮೇಲೂ ಬಿತ್ತು ಒಂದಿಷ್ಟು ಜೋಳ.

ಒಂದು ಲಕ್ಷ ಮೂವತ್ತು ಸಾವಿರ.
ಹೊಸ ತಗಡು, ಹೊಸ ಮೀಟರು, ಕಟ್ಟೆಗೆ ಟೈಲ್ಸು.
ಬೀಸುವ ಕಲ್ಲು ಮಾತ್ರ ಸವೆದ ಹಳೆಯದೇ.
ಅದು ಫೋಟೋದಲ್ಲಿ ಕಾಣುವುದಿಲ್ಲವಲ್ಲ.

ಫಾರಮ್ಮಿನ ಹದಿನೇಳನೇ ಕಲಮು:
ಈ ನೆರವಿನಿಂದ ಹೊಸದಾಗಿ ಕೆಲಸ ಸಿಕ್ಕವರ ಹೆಸರು.
ಚಾಂದಿಬಾಯಿ ಲಮಾಣಿ, ಅಂದೆ.
"ಹೊಸಬಳೆ?"
ಹನ್ನೊಂದು ವರ್ಷ.
ಹನ್ನೊಂದು ವರ್ಷದಿಂದ ಜರಡಿ ಹಿಡಿದಿದ್ದಾಳೆ,
ಯಾರ ಗೋಧಿ, ಯಾರ ಜೋಳ, ಯಾವ ಬಾಣಂತಿಯ ರಾಗಿ
ಡಬ್ಬದ ಮುಚ್ಚಳ ತೆಗೆಯದೆ ಹೇಳುತ್ತಾಳೆ.
ಸಂಜೆ ಯಂತ್ರದ ಬಾಯಲ್ಲಿ ಉಳಿದ ಎಲ್ಲರ ಹಿಟ್ಟೂ ಕೂಡಿ
ಅದೇ ಅವಳ ಕೂಲಿ,
ಮೇಲೆ ನನ್ನ ಕೈಗೆ ಬಂದಷ್ಟು.
ಎಷ್ಟು ಬಂತೆಂದು ನಾನು ಬರೆದಿಡಲಿಲ್ಲ,
ಅವಳು ಕೇಳಲಿಲ್ಲ.
ನಾವಿಬ್ಬರೂ ಅದನ್ನು ಪ್ರೀತಿ ಅಂದುಕೊಂಡಿದ್ದೆವು.
ನಾನಂತೂ ಅಂದುಕೊಂಡಿದ್ದೆ.

"ಕೆಲಸ ಹಳೆಯದು ಸಾಹೇಬರೇ, ಪಗಾರ ಹೊಸದು."
ಒಂದು ಗಳಿಗೆ ನನ್ನನ್ನೇ ನೋಡಿ
ಬರೆದುಕೊಂಡರು.

ಮೊದಲನೇ ತಾರೀಕು ಎಣಿಸಿ ಕೊಟ್ಟೆ.
ಅವಳು ಮತ್ತೊಮ್ಮೆ ಎಣಿಸಿದಳು, ನನ್ನೆದುರಿಗೇ,
ಪ್ರತಿ ನೋಟಿಗೂ ಬೆರಳು ನೆಕ್ಕಿಕೊಂಡು.
ಲೆಕ್ಕ ಅನ್ನುವುದು
ನಮ್ಮ ನಡುವೆ ಸ್ಟೂಲು ಎಳೆದುಕೊಂಡು ಕೂತಿತು.
ಹಿಂದಿನ ಹನ್ನೊಂದು ವರ್ಷ
ಯಾವ ಕಲಮಿನಲ್ಲೂ ಇಲ್ಲ.
ಅವಳೂ ಎತ್ತಲಿಲ್ಲ, ನಾನೂ.
ಅವತ್ತು ಗಿರಣಿ ಸ್ವಲ್ಪ ಜೋರಾಗಿಯೇ ತಿರುಗಿತು.

ಬೋರ್ಡು ಬರೆಯಲು ಬಂದವನು ರತ್ನಾಗಿರಿಯವ.
ನಾಗರಿ, ಇಂಗ್ಲಿಷು, ಕೆಳಗೆ ಸಣ್ಣದಾಗಿ ಕನ್ನಡ.
ನಾನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು
ಹೂವು ಬಳ್ಳಿ ನೋಡಿ ಬಿಡಿಸುವ ಹಾಗೆ ಬಿಡಿಸಿದ.
ನೀಲಗಂಗಾ ಹಿಟ್ಟಿನ ಗಿರಣಿ.
ಅವನ ಣ ಕ್ಕೆ ಸೊಂಟ ನೋವು.
ಇರಲಿ, ಗುರುತು ಸಿಗುತ್ತದೆ.

ಮಾರ್ಸೆಲಿನ್ ಕೂಡ ಅರ್ಜಿ ಹಾಕಿದ್ದ.
ಅವನ ಮಾಲೀಕ ಲಿಸ್ಬನ್ನಿನಲ್ಲಿ,
ಸಹಿ ಇಲ್ಲ, ಅದಕ್ಕೇ ಅನುದಾನವೂ ಇಲ್ಲ.
ಗೋಡೆ ಒಂದೇ.
ನನ್ನ ಹಳದಿ ಅವನ ಬಾಗಿಲ ಹತ್ತಿರ
ಕತ್ತರಿಯಿಂದ ಕತ್ತರಿಸಿದ ಹಾಗೆ ನಿಂತಿದೆ.
ಕಾಲು ಡಬ್ಬಿ ಉಳಿದಿದೆ, ಹಚ್ಚಿಕೋ ಮಾರಾಯ, ಅಂದೆ.
"ಬೇಡ ಬಾಯಿ.
ಬಣ್ಣ ಕಂಡರೆ ಬಾಡಿಗೆ ಏರಿಸುತ್ತಾನೆ."

ಮೂರು ತಿಂಗಳಿಗೆ ಸಾಹೇಬರು ಮತ್ತೆ ಬಂದರು,
ಆಮೇಲಿನ ಫೋಟೋಕ್ಕೆ.
ಅವನ ಸೈಕಲ್ಲುಗಳನ್ನು ಆಚೆ ಸರಿಸಲು ಹೇಳಿದರು. ಸರಿಸಿದ.
ಈಗ ನನ್ನ ಮೊಬೈಲಿನಲ್ಲಿದೆ:
ಹಳದಿ ಗೋಡೆ, ಟೈಲ್ಸಿನ ಕಟ್ಟೆ,
ಕಣ್ಣು ಮುಚ್ಚಿ ನಿಂತ ಚಾಂದಿಬಾಯಿ,
ಎಡ ಅಂಚಿನಲ್ಲಿ, ಎಷ್ಟು ಸರಿಸಿದರೂ,
ಅರ್ಧ ಚಕ್ರ.
ಗಾಳಿ ತುಂಬುತ್ತಿದ್ದ ಕೈ ಬಂದಿಲ್ಲ.