ಮುಚ್ಚದ ಟ್ಯಾಗು

ಆರಕ್ಕೆ ಹತ್ತು ನಿಮಿಷವಿರುವಾಗ
ಹಾಸನದ ಈ ಕೋಣೆಯಲ್ಲಿ ನಾನು ಮಾತಾಡುವುದಿಲ್ಲ.
ಡೈರಿಯ ಹಿಂಬದಿ, ಬಾಯ್ಲರಿನ ಗೋಡೆಗೆ ಆತುಕೊಂಡ ಕೋಣೆ;
ಡಿಸೆಂಬರಿನಲ್ಲಿ ಸುಖ,
ಏಪ್ರಿಲ್ಲಿನಲ್ಲಿ ಯಂತ್ರಕ್ಕೂ ನನಗೂ ಜ್ವರ.

ಈಗ ಬರುತ್ತವೆ.
ಅರಕಲಗೂಡಿನಿಂದ, ಆಲೂರಿನಿಂದ, ಬೇಲೂರಿನ ಆಚೆಯಿಂದ
ಒಂಬೈನೂರು ಚಿಲ್ಲರೆ ಹಳ್ಳಿಗಳ ತೂಕದ ಡಬ್ಬಿಗಳು
ಒಂದೇ ಸಲ ಕದ ತಟ್ಟುತ್ತವೆ.

ಮೊದಲ ವರ್ಷ ನಾನು ಮಾಡಿದ್ದು ಮದುವೆಮನೆಯ ತಪ್ಪು:
ಬಂದ ಒಬ್ಬೊಬ್ಬರಿಗೂ ಒಬ್ಬೊಬ್ಬ ಆಳು.
ಮುನ್ನೂರನೆಯ ಹಳ್ಳಿ ಬರುವ ಹೊತ್ತಿಗೆ
ಆಳುಗಳು ಆಳುಗಳ ಕಾಲು ತುಳಿದು
ಅಡುಗೆಮನೆಯಲ್ಲೇ ಸಿಕ್ಕಿಕೊಂಡರು.
‘ದೊಡ್ಡ ಮಿಷನ್ನೇ ತರಿಸೋಣ’ ಎಂದರು ಪರಮೇಶಪ್ಪನವರು.
ಅವರು ಕೆಲಸ ಮಾಡ್ತಿರಲಿಲ್ಲ ಸಾರ್,
ಸುಮ್ಮನೆ ಕಾಯ್ತಿದ್ದರು.
ಕಾಯುವುದಕ್ಕೆ ಇಷ್ಟು ಜನ ಯಾಕೆ?

ಉತ್ತರ ಸಿಕ್ಕಿದ್ದು ಎನ್.ಆರ್. ಸರ್ಕಲ್ಲಿನ ಗಾಡಿಯಲ್ಲಿ.
ಒಂದು ಕಾವಲಿ, ಒಂಬತ್ತು ದೋಸೆ, ಒಬ್ಬನೇ ಇಲಿಯಾಸ್.
ಯಾವ ದೋಸೆಯ ಮುಂದೆಯೂ ಅವನು ಕೈಕಟ್ಟಿ ನಿಲ್ಲುವುದಿಲ್ಲ.
ಅಂಚು ಎದ್ದದ್ದನ್ನು ಮಗುಚುತ್ತಾನೆ,
ಏಳದ್ದನ್ನು ಅದರ ಪಾಡಿಗೆ ಬಿಡುತ್ತಾನೆ,
ನಡುವೆ ನನಗೆ ಚಿಲ್ಲರೆ ಕೊಡುತ್ತಾನೆ.
ಆ ರಾತ್ರಿ ಆಳುಗಳನ್ನೆಲ್ಲ ಮನೆಗೆ ಕಳಿಸಿದೆ.
ಒಂದು ಸುತ್ತು, ಒಂದೇ ಕಿವಿ:
ಯಾರು ಸದ್ದು ಮಾಡಿದಿರಿ? ನೀವು ಹೇಳಿ. ಆಯ್ತು. ಮುಂದೆ.

ಆದರೆ ಮಾತು ಇಡಿಯಾಗಿ ಬರುವುದಿಲ್ಲ.
‘ಕೊಬ್ಬು ನಾಲ್ಕು ಪಾಯಿಂಟ್’ ಎಂದು ಬಂದು ನಿಲ್ಲುತ್ತದೆ.
ನಾಲ್ಕು ಪಾಯಿಂಟ್ ಎಷ್ಟು?
ಉಳಿದ ಅಂಕಿ ಇನ್ನೂ ಯಾವುದೋ ದಿಬ್ಬದ ಹಿಂದೆ
ಟವರಿನ ಕರೆಂಟಿಗೆ ಕಾಯುತ್ತಿದೆ.
ಅದಕ್ಕೇ ಹಳ್ಳಿಗೊಂದು ಪಾತ್ರೆ ಇಟ್ಟೆ, ಅರೆಮಾತು ಹಿಡಿದಿಡಲು.
ಪಾತ್ರೆಗೂ ಅಳತೆ ಬೇಕು, ಕಾಯುವುದಕ್ಕೂ:
ಮೂವತ್ತು ಸೆಕೆಂಡು ಮೌನವಾದರೆ ತಂತಿ ಕತ್ತರಿಸು ಎಂದು ಬರೆದೆ.
ಬರೆದು, ನೆಮ್ಮದಿಯಾಗಿ ಕಾಫಿ ಕುಡಿದೆ.

ಹುಲ್ಲೇಕೊಪ್ಪಲು ಮಾತ್ರ ದಿನಾ ಏಳೂ ಇಪ್ಪತ್ತಕ್ಕೆ ಕತ್ತರಿಸಿಹೋಗುತ್ತಿತ್ತು.
ತೆರೆದ ಟ್ಯಾಗಿಗೆ ಮುಚ್ಚುವ ಟ್ಯಾಗಿಲ್ಲ;
ನಲವತ್ತಮೂರು ಮನೆಯ ಹಾಲು ಟ್ಯಾಂಕರಿಗೆ ಬಂತು,
ಲೆಕ್ಕಕ್ಕೆ ಬರಲಿಲ್ಲ.
ಹದಿನೈದು ದಿನದ ಬಟವಾಡೆ ನಿಂತು ಫೋನು ಬಂದ ಮೇಲೆ
ಮೊದಲ ಬಸ್ಸು ಹತ್ತಿದೆ.

ಮೋಡೆಮ್ಮು ಚೆನ್ನಾಗಿತ್ತು. ವೈರೂ.
ಕಾರ್ಯದರ್ಶಿ ಸಣ್ಣತಾಯಮ್ಮ ಗುಂಡಿಯ ಮೇಲೆ ಬೆರಳಿಟ್ಟು
ಒತ್ತದೆ ಕೂತಿದ್ದಳು, ದಾರಿ ನೋಡುತ್ತ.
‘ಜವರಿ ಬರಬೇಕು ಕಣವ್ವ.
ಅವನ ಎಮ್ಮೆ ಬಿಸ್ಲು ಬೀಳದೆ ಸೊರೆ ಬಿಡಾಕಿಲ್ಲ.
ನಾನು ಮುಚ್ಬುಟ್ರೆ
ಆಮ್ಯಾಕೆ ತಗಿಯಾಕಾಯ್ತದಾ?’

ಏಳೂ ಮೂವತ್ತೈದಕ್ಕೆ ಅವನು ಬಂದ. ಹನ್ನೊಂದು ವರ್ಷವಿರಬಹುದು.
ಸ್ಕೂಲಿನ ಅಂಗಿ, ಕೈಯಲ್ಲಿ ಚೊಂಬು,
ಚೊಂಬಿನ ಬಾಯಿಗೆ ಮುತ್ತುಗದೆಲೆ.
ಮುಕ್ಕಾಲು ಲೀಟರು. ಕೊಬ್ಬು ಏಳು ಪಾಯಿಂಟ್ ಒಂದು.
ನಾನು ಕತ್ತರಿಸುತ್ತಿದ್ದದ್ದು ಇವನನ್ನು.
ಇವನ ಜೊತೆ ಊರನ್ನು.

ಹಿಂದಿರುಗಿ ಎರಡು ಸಾಲು ತಿದ್ದಿದೆ, ಆಮೇಲೆ ಇನ್ನೂರು.
ಒಂದು: ಹೊರಗಿನ ಬಾಗಿಲು ಮುಚ್ಚಲೆಂದು ಕಾಯಬೇಡ,
ಒಬ್ಬೊಬ್ಬರ ಹಾಲು ಮುಗಿದ ಹಾಗೇ ಬರೆದುಕೊ.
ಇನ್ನೊಂದು: ಹೇಳಲು ಏನೂ ಇಲ್ಲದಾಗ
ಇಪ್ಪತ್ತು ಸೆಕೆಂಡಿಗೊಮ್ಮೆ ಒಂದು ಖಾಲಿ ಜಾಗ ಕಳಿಸಲಿ ಡಬ್ಬಿ.
ಅಕ್ಷರವಲ್ಲ, ಅಂಕಿಯಲ್ಲ.
ಕತೆ ಕೇಳುವಾಗ ಅಜ್ಜಿ ನಮ್ಮಿಂದ ವಸೂಲಿ ಮಾಡುತ್ತಿದ್ದ
ಆ ಹೂಂ.

ಪರಮೇಶಪ್ಪನವರು ಲಾಗು ನೋಡಿ ಕೇಳಿದರು:
‘ಇದೇನಮ್ಮ, ಪುಟಗಟ್ಟಲೆ ಖಾಲಿ?’
ಹೂಂ ಸಾರ್, ಎಂದೆ.

ಈಗ ಏಳೂ ಇಪ್ಪತ್ತು.
ಎಂಟುನೂರ ತೊಂಬತ್ತು ಹಳ್ಳಿಗಳು ಮುಚ್ಚಿ ಹೋಗಿವೆ.
ಮಿಕ್ಕವುಗಳಲ್ಲೊಂದು ಆಗಾಗ ಹೂಂಗುಡುತ್ತಿದೆ.
ಬಾಯ್ಲರು ಆರಿಸಿದರು. ಗೋಡೆ ಇನ್ನೂ ಬೆಚ್ಚಗಿದೆ.
ಅಲ್ಲಿ ಬಿಸಿಲು ಬಿತ್ತೋ ಇಲ್ಲವೋ.